ಹುಲಿಗೆವ್ವನ ತೊಳೆಯದ ಗಡಿಗೆ

ಮೊನ್ನೆ ನನ್ನ ತಮ್ಮನ ಮೊಮ್ಮಗ ಶರಣು ಗೋವೆಯಿಂದ ಬಂದವನೇ ನನ್ನ ಮುಂದೆ ಒಂದು ಕಂದು ಬಣ್ಣದ ಬಾಟಲಿ ತಂದಿಟ್ಟ. ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ, ಎರಡು ಮಕ್ಕಳ ತಂದೆಯಾದ ಮನುಷ್ಯ. ಗೋವೆಗೆ ಹೋದವರು ಅಜ್ಜನಿಗೆಂದು ಗೋಡಂಬಿ ತರುವುದು ರೂಢಿ. ಇವನು ಬಿಯರು ತಂದಿದ್ದ. ಪ್ರಾಯದಲ್ಲಿ ನಾನು ಸೇಂದಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ ಎಂಬ ಸಂಗತಿ ನಮ್ಮ ಮನೆಯಲ್ಲಿ ಇವತ್ತಿಗೂ ನಗೆಚಾಟಿಕೆಯ ವಿಷಯ. ಈಚಲ ಮರದಿಂದ ಇಳಿಸುವ ಹೆಂಡಕ್ಕೆ ನಮ್ಮ ಕಡೆ ಸೇಂದಿ ಎನ್ನುತ್ತಾರೆ.

ಶರಣು ಕನ್ನಡಕ ಏರಿಸಿಕೊಂಡು ಬಾಟಲಿಯ ಮೇಲಿನ ಚೀಟಿ ಓದತೊಡಗಿದ. "ಇದು ಎಲ್ಲಾ ಅಂಗಡ್ಯಾಗ ಸಿಗೋ ಬಿಯರ್ ಅಲ್ರಿ ಅಜ್ಜಾ. ಸಣ್ಣ ಭಟ್ಟಿಯವರು ಕೈಲೆ ಮಾಡಿದ್ದು. ಗಾಳ್ಯಾಗಿನ ಕಾಡು ಹುದುಗಿನಿಂದ ಹುಳಿ ಬರಿಸ್ಯಾರಂತ. ಇಪ್ಪತ್ತು ವರ್ಷದಿಂದ ಆ ಪೀಪಾಯಿ ತೊಳದಿಲ್ಲಂತ್ರಿ! ತಳದಾಗಿನ ಗಸಿ ಚೆಲ್ಲಬ್ಯಾಡ್ರಿ, ರುಚಿ ಎಲ್ಲಾ ಅದರಾಗ ಐತಿ ಅಂತ ಬರದಾರ ನೋಡ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಈ ವಯಸ್ಸಿನಲ್ಲಿ ಸಿಟ್ಟು ಬರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಚಹಾ ಆರಿದ್ದರೂ ಬರುತ್ತದೆ. ಆದರೆ ಇದು ಅಂಥದ್ದಲ್ಲ. ತೊಳೆದಿಲ್ಲವಂತೆ! ಅದನ್ನು ಬಂಗಾರದ ಬಣ್ಣದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರಂತೆ! ಇದೇ ಗಸಿಗೆ ಹೊಲಸು ಎಂದು ಹೆಸರಿಟ್ಟು ಮಸ್ಕಿಯ ಒಬ್ಬ ಹೆಂಗಸಿನ ಬದುಕು ಹಾಳು ಮಾಡಿದರಲ್ಲ, ಆಗ ಈ ಚೀಟಿ ಬರೆಯುವವರು ಎಲ್ಲಿ ಹೋಗಿದ್ದರು? "ಯಾರ ಮುಂದ ಓದಾಕತ್ತೀಯಲೇ ಇದನ್ನ?" ಎಂದು ನಾನು ಕೂಗಿಕೊಂಡಾಗ ಅಡುಗೆಮನೆಯಿಂದ ಎಲ್ಲರೂ ಹೊರಗೆ ಬಂದು ನೋಡಿದರು.

ಶರಣು ನಗುತ್ತಲೇ ಹೇಳಿದ: "ಸಾಹೇಬ ಗಡಿಗಿ ಒದ್ದ ಕಥಿ ಅಲ್ರಿ? ನೂರು ಸಲ ಹೇಳೀರಿ, ಬಾಯಿಪಾಠ ಆಗೈತಿ."

ಹೌದು, ನೂರು ಸಲ ಹೇಳಿದ್ದೇನೆ. ನೀವು ಕೇಳಿಲ್ಲವಲ್ಲ, ಕುಳಿತುಕೊಳ್ಳಿ.

ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ನಿಜಾಮನ ಕಾಲದ ಕಚೇರಿಗಳಲ್ಲಿ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು. ಬಂದ ಹೊಸ ಅಧಿಕಾರಿಗಳಿಗೆ ಉರ್ದು ಬರುತ್ತಿರಲಿಲ್ಲ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಕಲಿತ ನನ್ನಂಥ ಇಪ್ಪತ್ತರ ಹರೆಯದವರಿಗೆ ಒಮ್ಮೆಲೇ ಬೆಲೆ ಬಂತು. ಹಾಗೆ ನನಗೆ ಸಿಕ್ಕ ಕೆಲಸ ಲಿಂಗಸುಗೂರಿನಲ್ಲಿ ಸೇಂದಿ ದುಕಾನುಗಳ ಮೇಲೆ ಕಣ್ಣಿಡುವ ಕಚೇರಿಯದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ ನಮ್ಮದು, ಅಪ್ಪ ಸಿಂಧನೂರಿನಲ್ಲಿ ಕಾಳಿನ ವ್ಯಾಪಾರಿ. ಸುದ್ದಿ ಕೇಳಿ ಅಪ್ಪ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. ಆಮೇಲೆ, "ಯಾರರ ಕೇಳಿದ್ರ ಸರ್ಕಾರಿ ನೌಕ್ರಿ ಅನ್ನು. ಯಾವ ಕಚೇರಿ ಅಂದ್ರ ಕೆಮ್ಮು" ಎಂದರು. ನಾನು ಎಷ್ಟು ಕೆಮ್ಮಿದೆನೆಂದರೆ ನನಗೆ ಕ್ಷಯವಿದೆಯೆಂದು ಸುದ್ದಿಯಾಗಿ ಒಂದು ಹೆಣ್ಣಿನ ಮಾತುಕತೆ ಮುರಿದುಬಿತ್ತು.

ಅವ್ವ ಬೇರೆ ಥರ. ರಜೆಗೆ ಬಂದರೆ ಹಿತ್ತಲಲ್ಲೇ ನಿಲ್ಲಿಸಿ ನನ್ನನ್ನೂ ನನ್ನ ಅರಿವೆಯನ್ನೂ ಚೀಲವನ್ನೂ ತೊಳೆಸಿ ಒಳಗೆ ಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ತೊಳೆಯುವುದೇ ಅರ್ಧ ಧರ್ಮವಾಗಿತ್ತು. ಕೊಡ ತೊಳೆಯುವುದು, ಹೊಸ್ತಿಲು ತೊಳೆಯುವುದು, ತೊಳೆದದ್ದನ್ನೇ ಮತ್ತೆ ತೊಳೆಯುವುದು. ಇದನ್ನು ಯಾಕೆ ಹೇಳುತ್ತೇನೆಂದರೆ ನನ್ನ ತಲೆಯಲ್ಲಿ ಆಗ ಎಂಥ ವಿದ್ಯೆ ತುಂಬಿತ್ತು ಎಂಬುದು ನಿಮಗೆ ತಿಳಿದಿರಲಿ.

ಹುಲಿಗೆವ್ವನ ದುಕಾನು ಮಸ್ಕಿಯ ಹಳ್ಳದ ದಂಡೆಯಲ್ಲಿತ್ತು. ದುಕಾನೆಂದರೆ ಒಂದು ಗುಡಿಸಲು, ಮುಂದೆ ಈಚಲ ಗರಿಯ ಚಪ್ಪರ, ಸಾಲಾಗಿ ಏಳು ಗಡಿಗೆ. ಆಕೆಯ ಗಂಡ ಮರ ಏರುವವನು, ಮರದಿಂದಲೇ ಬಿದ್ದು ಸತ್ತಿದ್ದ. ಆಮೇಲೆ ಮೈದುನ ಏರುತ್ತಿದ್ದ, ದುಕಾನಿನ ಪರವಾನಗಿ ಆಕೆಯ ಹೆಸರಿಗೆ ಬಂದಿತ್ತು. ಗಂಡ ಹೋದ ದಿನ ಹುಲಿಗಿಯ ಅಮ್ಮನ ಹೆಸರಿನಲ್ಲಿ ಆಣೆ ಮಾಡಿದವಳು ಆಮೇಲೆ ಒಂದು ಹನಿ ಸೇಂದಿಯನ್ನೂ ನುಂಗಿರಲಿಲ್ಲ. ಸುತ್ತ ಹತ್ತು ಹಳ್ಳಿಗೆ ಹೆಸರಾದ ಸೇಂದಿ ಮಾಡುತ್ತಿದ್ದವಳು ಅದನ್ನು ಬಾಯಲ್ಲಿ ಹಿಡಿಯುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು, ಉಗುಳುತ್ತಿದ್ದಳು.

ಮೊದಲ ಸಲ ತಪಾಸಣೆಗೆ ಹೋದಾಗ ನಾನು ಮೂಗು ಹಿಡಿದುಕೊಂಡು ಒಂದು ಸೋರೆ ಬುರುಡೆ ತುಂಬ ಸೇಂದಿ ಗಟಗಟ ಕುಡಿದೆ. ಕುಡಿದು ನೋಡುವುದು ಕೆಲಸದ ಭಾಗ ಎಂದು ಯಾರೋ ಹೇಳಿದ್ದರು. ಆಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ಸಾಹೇಬ್ರ, ಔಷಧ ಕುಡದಂಗ ಕುಡದ್ರ ಏನ ತಿಳದೀತು? ನುಂಗಬ್ಯಾಡ್ರಿ, ಬಾಯಾಗ ಹಿಡೀರಿ. ಹಿಡದು ಮೂಗಿಲೆ ಉಸುರು ಬಿಡ್ರಿ." ಬಿಟ್ಟೆ. ಏನು ಹೇಳಲಿ, ಒಳಗೊಂದು ಬಾಗಿಲು ತೆರೆದ ಹಾಗಾಯಿತು. ಸಿಹಿ ಮೊದಲು ಬಂತು, ಹಿಂದೆಯೇ ಹುಣಸೆ ಚಿಗುರಿನಂಥ ಹುಳಿ, ಆಮೇಲೆ ಮೊದಲ ಮಳೆ ಬಿದ್ದ ಎರಿಯ ಕಪ್ಪು ನೆಲದ ವಾಸನೆ. ಅವತ್ತಿನಿಂದ ಮಸ್ಕಿಯ ತಪಾಸಣೆಗಳು ಬಹಳ ಕಟ್ಟುನಿಟ್ಟಾದವು. ನಾನೇ ಹೋಗಬೇಕು, ವಾರಕ್ಕೊಮ್ಮೆ ಹೋಗಬೇಕು.

ಆಕೆಯ ಬಳಿ ಇದ್ದ ಮಾತುಗಳು ಮೂರೇ. ಸೇಂದಿ ಓಡುತ್ತದೆ, ನಿಲ್ಲುತ್ತದೆ, ಇಲ್ಲವೆ ಕೂರುತ್ತದೆ. ನಾಲಿಗೆ ಚುರುಕ್ಕೆನಿಸಿ ಮಾಯವಾದರೆ ಅದು ಓಡುವ ಸೇಂದಿ. ನಾಲಿಗೆಯ ತುದಿಯಲ್ಲಿ ಉಳಿದು ಗಂಟಲಿಗೆ ಇಳಿಯುವಷ್ಟರಲ್ಲಿ ಮುಗಿದರೆ ನಿಲ್ಲುವುದು. ಕುಡಿದವನು ಮನೆ ಮುಟ್ಟಿ, ಕೈಕಾಲು ತೊಳೆದು, ರೊಟ್ಟಿಯ ಮುಂದೆ ಕುಳಿತಾಗಲೂ ಬಾಯಲ್ಲಿ ಇದ್ದರೆ "ಕುಂತೈತಿ" ಎನ್ನುತ್ತಿದ್ದಳು. ಮಸಾರಿಯ ಕೆಂಪು ನೆಲದ ಮರ ಓಡುತ್ತದೆ, ಎರಿ ನೆಲದ ಮರ ನಿಲ್ಲುತ್ತದೆ, ಹಳ್ಳದ ದಂಡೆಯ ಹೆಣ್ಣುಮರವೊಂದೇ ತಾನಾಗಿ ಕೂರುತ್ತದೆ. ಮೈದುನ ಬೆಳಿಗ್ಗೆ ಇಳಿಸಿ ತಂದ ಪ್ರತಿಯೊಂದನ್ನೂ ಬಾಯಲ್ಲಿ ಹಿಡಿದು, ಉಗುಳಿ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಬೆರಳು ತೋರಿಸುತ್ತಿದ್ದಳು. ಒಮ್ಮೆ ನಾನು ಪರೀಕ್ಷೆ ಮಾಡಲೆಂದು ಎರಡು ಬುರುಡೆ ಅದಲುಬದಲು ಮಾಡಿಟ್ಟೆ. ಬಾಯಿಗಿಟ್ಟವಳೇ, "ತಮ್ಮಾ, ನನ್ನ ಕೂಡ ಆಟ ಆಡಬ್ಯಾಡ" ಎಂದಳು. ಅವತ್ತಿನಿಂದ ನಾನು ಸಾಹೇಬನಿಂದ ತಮ್ಮನಾದೆ. ನನಗೆ ಅದು ಬಡ್ತಿ ಸಿಕ್ಕಷ್ಟೇ ಸಂತೋಷವಾಯಿತು.

ಏಳು ಗಡಿಗೆಗಳಲ್ಲಿ ಮೊದಲನೆಯದಕ್ಕೆ ಅತ್ತಿ ಎಂದು ಹೆಸರು. ಅತ್ತಿ ಎಂದರೆ ಅತ್ತೆ. ಗಂಡನ ತಾಯಿ ಇಟ್ಟುಕೊಂಡಿದ್ದ ಗಡಿಗೆ ಅದು. ಆ ಮುದುಕಿ ಸಾಯುವಾಗ, ಇದಕ್ಕೆ ಯಾವತ್ತೂ ನೀರು ಮುಟ್ಟಿಸಬೇಡ ಎಂದು ಹೇಳಿ ಸತ್ತಿದ್ದಳಂತೆ. ಅದರ ಒಳಮೈಗೆ ವರ್ಷಗಟ್ಟಲೆಯ ಗಸಿ ಬೆರಳು ದಪ್ಪ ಅಂಟಿಕೊಂಡಿತ್ತು. ಬೆಳಿಗ್ಗೆ ಇಳಿದ ಸಿಹಿ ರಸವನ್ನು ಮೊದಲು ಅತ್ತಿಯೊಳಗೆ ಸುರಿಯಬೇಕು. ಅದು ಅಲ್ಲಿ ಗುಳುಗುಳು ಎಂದು ನೊರೆ ಕಟ್ಟಿದ ಮೇಲೆ ಬುರುಡೆ ಬುರುಡೆಯಾಗಿ ಉಳಿದ ಆರು ಗಡಿಗೆಗೆ ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗಿರಾಕಿಗಳು ಚಪ್ಪರದೊಳಗೆ ಬರುವಾಗಲೇ "ಅತ್ತಿ ಹ್ಯಾಂಗದಾಳ?" ಎಂದು ಕೇಳುತ್ತಿದ್ದರು. "ಇವತ್ತ ಸಿಟ್ಟಿಗೆದ್ದಾಳ, ಸ್ವಲ್ಪ ತಡೀರಿ" ಎಂದರೆ ಹುಳಿ ಹೆಚ್ಚಾಗಿದೆ ಎಂದು ಅರ್ಥ. ಸತ್ತ ಅತ್ತೆಯ ಜೊತೆ ಅಷ್ಟು ಹೊಂದಿಕೊಂಡು ಬಾಳಿದ ಸೊಸೆಯನ್ನು ನಾನು ಮತ್ತೆ ನೋಡಲಿಲ್ಲ.

ಆಗ ಹೊಸ ಸಾಹೇಬರು ಬಂದರು. ಅವರ ಹೆಸರು ಬೇಡ. ಬಿಳಿ ಪ್ಯಾಂಟು, ಜೇಬಿನಲ್ಲಿ ಕರವಸ್ತ್ರ, ಬಾಯಲ್ಲಿ ಸ್ವಚ್ಛತೆ. ಬಂದ ವಾರದಲ್ಲೇ ಹುಕುಂ ಹೊರಟಿತು: ದುಕಾನಿನ ಪ್ರತಿ ಪಾತ್ರೆಯನ್ನೂ ದಿನಾಲು ತೊಳೆಯತಕ್ಕದ್ದು, ತಳದಲ್ಲಿ ಗಸಿ ಕಂಡರೆ ಗಡಿಗೆ ಒಡೆದು ಪರವಾನಗಿ ರದ್ದು ಮಾಡತಕ್ಕದ್ದು. ಅದನ್ನು ಕನ್ನಡಕ್ಕೆ ಮಾಡಿದವನು ನಾನೇ. 'ತೊಳೆಯತಕ್ಕದ್ದು' ಎಂಬ ಪದ ನನ್ನದೇ. ಸೇಂದಿ ಹ್ಯಾಗಾಗುತ್ತದೆ ಎಂದು ಸಾಹೇಬರು ಯಾರನ್ನೂ ಕೇಳಲಿಲ್ಲ. ಒಂದು ಬುರುಡೆ ಬಾಯಿಗಿಡಲಿಲ್ಲ. ಬಾಯಿಗಿಡದವರು ರುಚಿಯ ಮೇಲೆ ಹುಕುಂ ಹೊರಡಿಸುತ್ತಾರೆ, ಬಾಯಿಗಿಟ್ಟವರು ಅದನ್ನು ನಕಲು ಮಾಡುತ್ತಾರೆ.

ಹುಲಿಗೆವ್ವನಿಗೆ ಹುಕುಂ ಓದಿ ಹೇಳಿದೆ. ಕೇಳಿ ಸುಮ್ಮನೆ ತಲೆ ಅಲ್ಲಾಡಿಸಿದಳು. "ಆರು ಗಡಿಗಿ ತೊಳೀತೀನಿ. ಅತ್ತೀನ ತೊಳ್ಯಾಂಗಿಲ್ಲ."

"ಪರವಾನಗಿ ಹೋಗತೈತಿ, ಹುಲಿಗೆವ್ವಾ."

"ಹೋಗ್ಲಿ ತಮ್ಮಾ. ಆಕೀನ ತೊಳದ್ರ ಮನಿ ತೊಳಕೊಂಡು ಹೋಗತೈತಿ."

ಇಲ್ಲಿಂದ ಮುಂದಿನ ಕಥೆಯನ್ನು ನಾನು ಎಲ್ಲರಿಗೂ ಹೇಳುವುದು ಹೀಗೆ: ಸಾಹೇಬರು ಬಂದರು, ಅತ್ತಿಯನ್ನು ನೋಡಿದರು, ಒದ್ದು ಒಡೆದರು, ಹುಲಿಗೆವ್ವನ ಸೇಂದಿ ಅಲ್ಲಿಗೆ ಮುಗಿಯಿತು. ಮೊದಮೊದಲು ಬೆತ್ತದಿಂದ ಒಡೆಸುತ್ತಿದ್ದೆ. ಮದುವೆಯಾದ ಮೇಲೆ ಹೆಂಡತಿಗೆ ಹೇಳುವಾಗ ಬೂಟುಗಾಲಿನಿಂದ ಒದೆಸಿದೆ, ಅದು ಹೆಚ್ಚು ಹಿಡಿಸಿತು. ಕೇಳಿದವರೆಲ್ಲ ಹಲ್ಲು ಕಡಿಯುತ್ತಿದ್ದರು. ನಾನೂ ಅವರ ಜೊತೆ ಕಡಿಯುತ್ತಿದ್ದೆ. ಮೊನ್ನೆ ಶರಣು "ಬಾಯಿಪಾಠ ಆಗೈತಿ" ಎಂದಾಗ ನಾನು ಅದೇ ಒದೆತಕ್ಕೆ ಬಾಯಿ ತೆರೆದೆ. ಚೀಟಿಯ ಮೇಲಿನ 'ತೊಳೆದಿಲ್ಲ' ಎಂಬ ಮಾತು ಅಡ್ಡ ಬಂತು.

ಗಡಿಗೆಯನ್ನು ಯಾರೂ ಒಡೆಯಲಿಲ್ಲ.

ಸಾಹೇಬರು ಮಸ್ಕಿಗೆ ಹೇಳದೆ ಕೇಳದೆ ಹೋಗುತ್ತಾರೆಂಬುದು ನನಗೆ ಒಂದು ದಿನ ಮೊದಲೇ ತಿಳಿಯಿತು. ಹೊಟ್ಟೆನೋವೆಂದು ರಜೆ ಹಾಕಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ದುಕಾನು ಮುಚ್ಚಿದೆ. ಹುಣ್ಣಿಮೆಗೆಂದು ಹುಲಿಗೆವ್ವ, ಮೈದುನ ಇಬ್ಬರೂ ಹುಲಿಗಿಗೆ ಹೋಗಿದ್ದಾರೆ, ಬರುವುದು ನಾಳೆ ಬೆಳಿಗ್ಗೆ. ಆರು ಗಡಿಗೆ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಾಳೆ. ಅತ್ತಿಯ ಬಾಯಿಗೆ ಒದ್ದೆ ಅರಿವೆ ಕಟ್ಟಿ ನೆರಳಿನಲ್ಲಿ ಇಟ್ಟಿದ್ದಾಳೆ. ನಾಳೆ ಸಾಹೇಬರು ಆ ಅರಿವೆ ಬಿಚ್ಚಿದರೆ ಈಕೆಯ ಅನ್ನ ಹೋಯಿತು ಎಂದು ನನಗೆ ಕೈಕಾಲು ಆಡಲಿಲ್ಲ. ಆಮೇಲೆ ಆಡಿದವು, ಅದೇ ತಪ್ಪಾಯಿತು.

ಎತ್ತಿ ಪಕ್ಕದ ಮನೆಯಲ್ಲಿ ಇಟ್ಟುಬರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಮೊದಲ ಗಡಿಗೆಯ ಜಾಗ ಖಾಲಿ ಕಂಡರೆ ಸಾಹೇಬರಿಗೆ ಅನುಮಾನ ಬರುತ್ತದೆ ಎಂದು ಅಂದುಕೊಂಡೆ. ಅದು ನೆಪ. ನಿಜ ಏನೆಂದರೆ, ಅಷ್ಟು ದಿನ ಆ ಸೇಂದಿ ಕುಡಿದೂ, ಅತ್ತಿಯ ಮಾತನ್ನು ನಾನು ಓದುಬರಹವಿಲ್ಲದ ಹೆಂಗಸಿನ ಮೂಢನಂಬಿಕೆ ಎಂದೇ ತಿಳಿದಿದ್ದೆ. ಅವ್ವನ ಮಗ ನಾನು. ತೊಳೆದರೆ ಏನು ಕೆಡುತ್ತದೆ? ಕಾಲರಾ ಬಂದಾಗ ಬಾವಿಗೆ ಹಾಕುವ ಬಿಳಿ ಪುಡಿ ಚಾವಡಿಯಲ್ಲಿತ್ತು. ತಂದು, ನೀರು ಕಾಯಿಸಿ, ತೆಂಗಿನ ನಾರು ಹಿಡಿದು ಅತ್ತಿಯ ಒಳಮೈಯನ್ನು ಉಜ್ಜಿದೆ. ಗಸಿ ಹಾಳೆ ಹಾಳೆಯಾಗಿ ಎದ್ದು ಬಂತು. ಮಟಮಟ ಮಧ್ಯಾಹ್ನ, ಬೆವರು ಸುರಿಸಿಕೊಂಡು, ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಹಾಡು ಗುನುಗುತ್ತ ಉಜ್ಜಿದೆ. ಮೂರು ಸಲ ತೊಳೆದೆ. ಆ ನೀರನ್ನು ಹಳ್ಳಕ್ಕೆ ಚೆಲ್ಲಿ, ಅರಿವೆಯನ್ನು ಮೊದಲಿನ ಹಾಗೇ ಕಟ್ಟಿಟ್ಟೆ.

ಮರುದಿನ ಬೆಳಿಗ್ಗೆ ನಾನು ಕಡತ ಹಿಡಿದು ಸಾಹೇಬರ ಹಿಂದೆ ಏನೂ ತಿಳಿಯದವನಂತೆ ಇಳಿದೆ. ಹುಲಿಗೆವ್ವ ಆಗಷ್ಟೇ ಬಂದಿದ್ದಳು, ಹಣೆಯ ಮೇಲೆ ಭಂಡಾರ ಹಾಗೇ ಇತ್ತು. ಸಾಹೇಬರು ಒಂದೊಂದಾಗಿ ಗಡಿಗೆ ಬಗ್ಗಿಸಿ ನೋಡುತ್ತ ಅತ್ತಿಯ ಹತ್ತಿರ ಬಂದು ಅರಿವೆ ತೆಗೆಸಿದರು. ಹುಲಿಗೆವ್ವ ಅದರೊಳಗೆ ಕೈ ಹಾಕಿದಳು. ಕೈ ಒಣಗಿದ್ದು ಒಣಗಿದ ಹಾಗೇ ಹೊರಗೆ ಬಂತು. ಮೂಸಿ ನೋಡಿದಳು.

"ಶಾಬಾಸ್" ಎಂದರು ಸಾಹೇಬರು. "ಇಷ್ಟು ಸಾಫ್ ಗಡಿಗೆ ಇಡೀ ತಾಲೂಕಿನಲ್ಲಿ ನೋಡಿಲ್ಲ. ಯಾರು ತೊಳೆದರು?"

ಆಕೆ ನನ್ನ ಕಡೆ ನೋಡಿದಳು. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಪುಡಿ ಇತ್ತು. ಒಂದು ಮಾತು ಆಡಿದ್ದರೆ ನನ್ನ ನೌಕರಿ ಅಲ್ಲೇ ಮುಗಿಯುತ್ತಿತ್ತು.

"ನಾನ ತೊಳದೀನ್ರಿ, ಸಾಹೇಬ್ರ" ಎಂದಳು.

ಸಾಹೇಬರು 'ಅತ್ಯುತ್ತಮ' ಎಂದು ಬರೆದು, ಪರವಾನಗಿಗೆ ರುಜು ಹಾಕಿ ಜೀಪು ಹತ್ತಿದರು. ಪಾಪ, ಆ ಮನುಷ್ಯ ಮಾಡಿದ್ದು ಅಷ್ಟೇ. ನಾನು ಏನೋ ಮರೆತವನ ಹಾಗೆ ಹಿಂದಿರುಗಿ ಬಂದೆ, ಹೊಗಳಿಕೆ ಸಿಗುತ್ತದೆ ಎಂಬ ಆಸೆಯಿಂದ. ಆಕೆ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ದನಿ ಏರಿಸಲಿಲ್ಲ.

"ಸಾಹೇಬ ಒಡದಿದ್ರ ಚಲೋ ಇತ್ತಲ್ಲೋ ತಮ್ಮಾ. ಬೋಕಿ ಆದ್ರೂ ಉಳೀತಿದ್ವು. ಗಸಿ ಹತ್ತಿದ ಒಂದು ಚೂರು ಆರಿಸಿ ಹೊಸ ಗಡಿಗ್ಯಾಗ ಹಾಕಿದ್ರ ಅತ್ತಿ ಮತ್ತ ಎದ್ದು ಬರತಿದ್ಲು. ನೀ ತೊಳದೆಲ್ಲೋ."

ಆಮೇಲೆ ಆಕೆ ಬಹಳ ಹೆಣಗಿದಳು. ಬಳಗಾನೂರಿನ ದುಕಾನಿನಿಂದ ಒಂದು ಬುರುಡೆ ಹುಳಿ ತಂದು ಹಾಕಿದಳು, ಅದು ಬಳಗಾನೂರಿನ ಸೇಂದಿಯೇ ಆಯಿತು. ಹಳ್ಳದ ದಂಡೆಯ ಹೆಣ್ಣುಮರದ ರಸವನ್ನೇ ಸುರಿದು ದಿನಗಟ್ಟಲೆ ಬಿಟ್ಟಳು. ನಾನು ಹೋದಾಗಲೆಲ್ಲ ಬಾಯಲ್ಲಿ ಹಿಡಿದು, ಉಗುಳಿ, "ಓಡತೈತಿ" ಎನ್ನುತ್ತಿದ್ದಳು. ಗಿರಾಕಿಗಳು ಅತ್ತಿಯನ್ನು ಕೇಳುವುದು ಬಿಟ್ಟರು, ಮುಂದೆ ಬರುವುದನ್ನೂ ಬಿಟ್ಟರು. ಸ್ವಚ್ಛತೆಗೆ ಮಾದರಿಯಾದ ದುಕಾನಿನ ಪರವಾನಗಿಯನ್ನು ಆಕೆಯೇ ಒಂದು ದಿನ ಲಿಂಗಸುಗೂರಿಗೆ ಬಂದು ನನ್ನ ಮೇಜಿನ ಮೇಲೆ ಇಟ್ಟು ಹೋದಳು. "ಬಾಯಾಗ ಕುಂದ್ರಲಾರದ್ದನ್ನ ನಾ ಮಾರಾಂಗಿಲ್ಲ" ಎಂದಳು. ನಾನು ಸ್ವೀಕೃತಿ ಬರೆದುಕೊಟ್ಟೆ.

ಸಿಂಧನೂರಿನ ಕಡೆ ಕಾಲುವೆಯ ನೀರು ಬಂದು ಭತ್ತ ಹಚ್ಚುವುದು ಶುರುವಾಗಿತ್ತು. ಐವತ್ತಾರರಲ್ಲಿ, ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ, ತುರ್ವಿಹಾಳದ ಒಂದು ಗದ್ದೆಯಲ್ಲಿ ಕೂಲಿಯವರ ಸಾಲಿನಲ್ಲಿ ಆಕೆಯನ್ನು ಕಂಡೆ. ಬದುವಿನ ಮೇಲೆ ನಿಂತೆ. ಆಕೆ ಸೀರೆಯ ಕಚ್ಚೆ ಸಡಿಲಿಸುತ್ತ ಕೆಸರಿನಿಂದ ಎದ್ದು ಬಂದು, "ತಮ್ಮಾ, ಅವ್ವ ಅರಾಮದಾಳೇನು? ಮದಿವಿ ಆತೇನು?" ಎಂದು ಕೇಳಿದಳು. ಅವ್ವ ಆರಾಮ ಎಂದೆ, ಮದುವೆ ನಿಶ್ಚಯವಾಗಿದೆ ಎಂದೆ. "ಚಲೋ ಆತು" ಎಂದಳು. ಇನ್ನೂ ಏನಾದರೂ ಹೇಳುತ್ತಾಳೆಂದು ನಿಂತೇ ಇದ್ದೆ. ಮೇಸ್ತ್ರಿ ಕೂಗಿದ, ಆಕೆ ಸಸಿಯ ಕಟ್ಟು ಎತ್ತಿಕೊಂಡು ಮತ್ತೆ ಗದ್ದೆಗೆ ಇಳಿದಳು.

ಇಷ್ಟನ್ನೂ ಮೊನ್ನೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಶರಣು ಒಳ್ಳೆಯ ಹುಡುಗ, ಮುದುಕನ ಮುಖ ನೋಡಿ ಕರುಳು ಚುರುಕ್ಕೆಂದಿರಬೇಕು. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡ್ರಿ ಅಜ್ಜಾ. ಆಕಿ ಒಳ್ಳೇದಕ್ಕ ಅಂತ ಮಾಡೀರಿ, ನಿಮ್ದೇನ ತಪ್ಪೈತಿ?" ಎಂದ.

ನಾನು ಅವನ ಕೈ ಕೊಡವಿಬಿಟ್ಟೆ. ಈ ಮಾತನ್ನು ಇಷ್ಟು ಸಲೀಸಾಗಿ ಆಡಲು ಇವನು ಯಾರು ಎಂದು ಸಿಟ್ಟು ನೆತ್ತಿಗೇರಿತು. ಒಳ್ಳೆಯದಕ್ಕೆ ಅಂತಲೇ ಸಾಹೇಬರು ಹುಕುಂ ಬರೆದಿದ್ದರು, ಒಳ್ಳೆಯದಕ್ಕೆ ಅಂತಲೇ ನಾನು ನಾರು ಹಿಡಿದಿದ್ದೆ. ನಿನ್ನದೇನೂ ತಪ್ಪಿಲ್ಲ ಎನ್ನುವ ಹಕ್ಕು ಈ ಲೋಕದಲ್ಲಿ ಒಬ್ಬಳಿಗೇ ಇತ್ತು. ಅದನ್ನು ಕೇಳಲೆಂದೇ ತುರ್ವಿಹಾಳದ ಬದುವಿನ ಮೇಲೆ ಬಿಸಿಲಿನಲ್ಲಿ ಅಷ್ಟು ಹೊತ್ತು ನಿಂತಿದ್ದೆ. ಆಕೆ ಅವ್ವನನ್ನು ವಿಚಾರಿಸಿದಳು, ಮದುವೆಯನ್ನು ವಿಚಾರಿಸಿದಳು. ಆ ಮಾತೊಂದನ್ನು ಹೇಳಲಿಲ್ಲ.